ಸ್ಲೋ ಕುಕ್ಕರ್‌ನಲ್ಲಿ ಆಪಲ್‌ಸಾಸ್ ನೀರುನೀರಾಗೋದು ಯಾಕೆ?

ಪ್ರಶ್ನೆ: ನಾವು ಮಿಷಿಗನ್‌ನ ಗ್ರ್ಯಾಂಡ್ ರಾಪಿಡ್ಸ್ ಹತ್ತಿರ ಇದ್ದೇವೆ. ಮೊನ್ನೆ ತೋಟಕ್ಕೆ ಹೋಗಿ ಅರ್ಧ ಬುಷೆಲ್ (ಸುಮಾರು 11 ಕೆಜಿ) ಸೇಬು ಕಿತ್ತು ತಂದೆವು. ಹೆಚ್ಚಿನವು ಹನಿಕ್ರಿಸ್ಪ್ ಮತ್ತು ಗಾಲಾ, ಒಂದಿಷ್ಟು ಮ್ಯಾಕಿಂಟಾಷ್, ಐಡಾರೆಡ್ ಕೂಡ ಇವೆ. ನಿನ್ನೆ ಆಪಲ್‌ಸಾಸ್, ಅಂದರೆ ಬೇಯಿಸಿ ಮಸೆದ ಸೇಬು, ಮಾಡೋಣ ಅಂತ ಸ್ಲೋ ಕುಕ್ಕರ್ (ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಪಾತ್ರೆ) ತುಂಬ ಹನಿಕ್ರಿಸ್ಪ್ ಹೋಳು, ಎರಡು ಕಪ್ ನೀರು, ಒಂದು ಕಪ್ ಸಕ್ಕರೆ, ಎರಡು ಚಮಚ ಚಕ್ಕೆ ಪುಡಿ ಹಾಕಿ ರಾತ್ರಿಯಿಡೀ ಲೋನಲ್ಲಿ (ಕಡಿಮೆ ಶಾಖದಲ್ಲಿ) ಇಟ್ಟೆ. ಬೆಳಿಗ್ಗೆ ನೋಡಿದರೆ ಕಂದು ಬಣ್ಣದ ನೀರು, ಅದರಲ್ಲಿ ತೇಲುವ ಹೋಳು. ಎಲ್ಲಿ ತಪ್ಪಿತು? ಒಂಬತ್ತು ತಿಂಗಳ ಮಗಳಿಗೆ ಕೊಡಬಹುದಾ? ಊರಿಂದ ಅಮ್ಮ ಬಂದಿದ್ದಾರೆ, ಉಪ್ಪಿನಕಾಯಿ ಹಾಗೆ ಬಾಟಲಿಗೆ ತುಂಬಿ ಇಟ್ಟುಬಿಡು ಅಂತಾರೆ. ಇಡಬಹುದಾ? ಹಾಸನಕ್ಕೆ ವಾಪಸ್ ಹೋಗುವಾಗ ಇಂಥದ್ದೇ ಒಂದು ಕುಕ್ಕರ್ ಒಯ್ಯಬೇಕು ಅಂತಲೂ ಅವರಿಗೆ ಆಸೆ.

ಉತ್ತರ: ಮೊದಲು, ಆ ಸಾಸನ್ನು ಚೆಲ್ಲಬೇಡಿ. ಅದು ಕೆಟ್ಟಿಲ್ಲ, ನೀರು ಜಾಸ್ತಿಯಾಗಿದೆ ಅಷ್ಟೇ. ಅಗಲ ಬಾಯಿಯ, ದಪ್ಪ ತಳದ ಪಾತ್ರೆಗೆ ಎಲ್ಲವನ್ನೂ ಸುರಿಯಿರಿ. ಹೋಳುಗಳನ್ನು ಮ್ಯಾಷರ್‌ನಲ್ಲೋ ಸೌಟಿನ ಹಿಂಬದಿಯಲ್ಲೋ ಚೆನ್ನಾಗಿ ಮಸೆಯಿರಿ. ಮುಚ್ಚಳ ಹಾಕದೆ ಮಧ್ಯಮ ಉರಿಯಲ್ಲಿ ಕುದಿಸಿ. ಇಪ್ಪತ್ತು ನಿಮಿಷ ಬೇಕಾಗಬಹುದು, ಅರ್ಧ ಗಂಟೆಯೂ ಆಗಬಹುದು. ಸಕ್ಕರೆ ಇರುವುದರಿಂದ ತಳ ಹಿಡಿಯುತ್ತದೆ, ಹಾಗಾಗಿ ಮರದ ಸೌಟಿನಿಂದ ತಳ ಕೆರೆಯುತ್ತ ಇರಿ. ಕುದಿಯುವಾಗ ಸಿಡಿಯುತ್ತದೆ, ಮಗುವನ್ನು ಎತ್ತಿಕೊಂಡು ಒಲೆ ಹತ್ತಿರ ನಿಲ್ಲಬೇಡಿ. ಒಂದು ಚಮಚ ಸಾಸ್ ತಟ್ಟೆಗೆ ಹಾಕಿ ಒಂದು ನಿಮಿಷ ಬಿಡಿ. ಸುತ್ತ ನೀರಿನ ಉಂಗುರ ಬಿಡದೆ ಗಟ್ಟಿ ಮೊಸರಿನ ಹಾಗೆ ಕೂತಿದ್ದರೆ ಹದ ಬಂದಿದೆ. ಒಲೆ ಆರಿಸಿದ ಮೇಲೆ ಒಂದು ನಿಂಬೆಹಣ್ಣಿನ ರಸ ಹಿಂಡಿ. ಬಣ್ಣ ಕಂದಾಗಿಯೇ ಇರುತ್ತದೆ, ರುಚಿ ಮಾತ್ರ ಎದ್ದು ನಿಲ್ಲುತ್ತದೆ. ಇದನ್ನು ಪ್ಯಾನ್‌ಕೇಕ್ ಜೊತೆ, ಚಪಾತಿ ಜೊತೆ ನೀವು ದೊಡ್ಡವರು ತಿನ್ನಿ. ಮಗುವಿಗೆ ಇದು ಬೇಡ, ಕಾರಣ ಮುಂದೆ ಹೇಳುತ್ತೇನೆ.

ಈಗ ತಪ್ಪಿದ್ದೆಲ್ಲಿ ಅನ್ನೋದು. ನೀವು ನೋಡಿದ ಅಳತೆ ಬಹುಶಃ ಒಲೆಯ ಮೇಲೆ ಮಾಡುವ ಆಪಲ್‌ಸಾಸ್‌ದು. ಒಲೆಯ ಮೇಲೆ ಆವಿ ಹೊರಗೆ ಹೋಗುತ್ತದೆ, ಅದಕ್ಕೇ ನೀರು ಹಾಕಬೇಕಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಆವಿ ಮುಚ್ಚಳಕ್ಕೆ ತಾಗಿ, ತಣಿದು, ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. ರಾತ್ರಿಯಿಡೀ ಇಟ್ಟರೂ ಒಳಗಿನ ನೀರು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಸೇಬಿನ ತೂಕದಲ್ಲಿ ನೂರಕ್ಕೆ 85ರಷ್ಟು ನೀರೇ. ಎರಡೂವರೆ ಕೆಜಿ ಹಣ್ಣು ಹಾಕಿದರೆ ಎರಡು ಲೀಟರಿಗಿಂತ ಜಾಸ್ತಿ ನೀರು ಹಣ್ಣಿನ ಜೊತೆಗೇ ಬಂದಿರುತ್ತದೆ. ಅದರ ಮೇಲೆ ಎರಡು ಕಪ್ ಸೇರಿಸಿದರೆ ಅದು ಹೋಗುವುದೆಲ್ಲಿಗೆ? ಎಲ್ಲೂ ಹೋಗುವುದಿಲ್ಲ. ಸ್ಲೋ ಕುಕ್ಕರ್ ಆಪಲ್‌ಸಾಸ್‌ನಲ್ಲಿ ನೆನಪಿಡಬೇಕಾದ ದೊಡ್ಡ ವಿಷಯ ಇದೊಂದೇ. ಯಾವ ಹಣ್ಣು, ಎಷ್ಟು ಹೊತ್ತು, ಸಕ್ಕರೆ ಯಾವಾಗ ಎಲ್ಲವನ್ನೂ ಇದನ್ನು ಇಟ್ಟುಕೊಂಡೇ ತೀರ್ಮಾನಿಸಬೇಕು.

ಈ ಪಾತ್ರೆ ಹುಟ್ಟಿದ್ದೇ ನೀರು ಆರದೆ ಇರಲಿ ಅಂತ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಅನ್ನುವವರು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಅವರ ತಾಯಿಯ ಕಡೆಯವರು ಲಿಥುವೇನಿಯಾದ ಯಹೂದಿಗಳು. ಶುಕ್ರವಾರ ಸಂಜೆ ಕಾಳು, ಮಾಂಸ, ತರಕಾರಿ ತುಂಬಿದ ಪಾತ್ರೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಬೆಂಕಿ ಹಚ್ಚಬಾರದ ಸಬ್ಬತ್ ದಿನ ಮಧ್ಯಾಹ್ನ ಬಿಸಿಯಾಗಿ ತಂದು ಉಣ್ಣುವ ಅಡುಗೆ ಅವರಲ್ಲಿ ಇತ್ತು, ಹೆಸರು ಚೋಲೆಂಟ್. ಆ ಕತೆ ಕೇಳಿ ನ್ಯಾಕ್ಸನ್ ಈ ಪಾತ್ರೆ ಮಾಡಿದರು. ಮುಂದೆ ರೈವಲ್ ಕಂಪನಿ ಅವರ ಕಂಪನಿಯನ್ನು ಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗಂಟೆಗಟ್ಟಲೆ ಬೇಯುವ ಕಾಳು ಒಣಗಿ ಸೀಯಬಾರದು ಅಲ್ವಾ, ಅದಕ್ಕೇ ಈ ಮುಚ್ಚಳ. ಕಾಳಿಗೆ ಅನುಕೂಲವಾಗಿದ್ದು ಸೇಬಿಗೆ ತೊಂದರೆ.

ನಾನು ಹೇಳುವ ಅಳತೆ ಹೀಗೆ. ಆರು ಕ್ವಾರ್ಟ್‌ನ (ಸುಮಾರು 5.7 ಲೀಟರಿನ) ಕುಕ್ಕರ್‌ಗೆ ಎರಡೂವರೆ ಕೆಜಿ ಸೇಬು, ಅಂದರೆ ಐದೂವರೆ ಪೌಂಡ್. ಅಲ್ಲಿನ ಮಧ್ಯಮ ಗಾತ್ರದ ಹಣ್ಣು ಮೂರು ಸೇರಿದರೆ ಹತ್ತಿರ ಹತ್ತಿರ ಒಂದು ಪೌಂಡ್ ತೂಗುತ್ತದೆ. ನೀರು ಅರ್ಧ ಕಪ್ ಸಾಕು. ಅಷ್ಟಾದರೂ ಬೇಕು, ಯಾಕೆಂದರೆ ಶಾಖ ಸಾಮಾನ್ಯವಾಗಿ ಪಾತ್ರೆಯ ಪಕ್ಕಗಳಿಂದ ಬರುತ್ತದೆ, ಹಣ್ಣು ರಸ ಬಿಡುವ ತನಕ ಅಂಚಿನ ಹೋಳುಗಳು ಅಂಟಿಕೊಂಡು ಕಪ್ಪಾಗಬಹುದು. ನೀರಿನ ಬದಲು ತೋಟದಲ್ಲಿ ಮಾರುವ ಸೈಡರ್ ಹಾಕಿದರೆ ಇನ್ನೂ ಒಳ್ಳೆಯದು. ಶರತ್ಕಾಲದಲ್ಲಿ ಅಮೆರಿಕದ ತೋಟಗಳಲ್ಲಿ ಸೈಡರ್ ಅಂದರೆ ಸೋಸದ ತಾಜಾ ಸೇಬಿನ ರಸ, ಮದ್ಯ ಅಲ್ಲ, ಅಮ್ಮನಿಗೆ ಹೇಳಿಬಿಡಿ. ಮಗುವಿಗೂ ಕೊಡುವ ಸಾಸ್ ಆದ್ದರಿಂದ ಪಾಶ್ಚರೀಕರಿಸಿದ ಸೈಡರನ್ನೇ ಕೊಳ್ಳಿ. ಎರಡು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು. ಇಷ್ಟರಿಂದ ಏಳೆಂಟು ಕಪ್ ಸಾಸ್ ಸಿಗುತ್ತದೆ.

ಹೋಳು ಒಂದೇ ಗಾತ್ರದ್ದಿರಲಿ, ಒಂದು ಇಂಚಿನಷ್ಟು. ಕೆಲವು ದೊಡ್ಡವು ಕೆಲವು ಚಿಕ್ಕವು ಆದರೆ ಚಿಕ್ಕವು ಕರಗಿ ನೀರಾಗಿರುತ್ತವೆ, ದೊಡ್ಡವು ಗಟ್ಟಿ ಉಳಿದಿರುತ್ತವೆ.

ಹೈನಲ್ಲಿ ಮೂರರಿಂದ ನಾಲ್ಕು ಗಂಟೆ. ಲೋನಲ್ಲಾದರೆ ಆರು ಗಂಟೆ. ಲೋ ಅಂದರೆ ಕಡಿಮೆ ಶಾಖದಲ್ಲೇ ನಿಲ್ಲುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಕುದಿಯ ಹತ್ತಿರಕ್ಕೇ ಬರುತ್ತವೆ, ಲೋ ಅಲ್ಲಿಗೆ ತಲುಪಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ ಅಷ್ಟೇ. ಸೇಬಿಗೆ ನಾನು ಯಾವತ್ತೂ ಹೈ ಅನ್ನುತ್ತೇನೆ. ಮೊದಲ ಎರಡೂವರೆ ಗಂಟೆ ಮುಚ್ಚಳ ಮುಟ್ಟಬೇಡಿ, ಒಂದು ಸಲ ತೆಗೆದರೆ ಹೋದ ಶಾಖ ವಾಪಸ್ ಬರಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಆಮೇಲೆ ಒಮ್ಮೆ ತಿರುವಿ, ಮುಚ್ಚಳದ ಕೆಳಗೆ ಒಂದು ಮರದ ಸೌಟು ಅಡ್ಡ ಇಟ್ಟು ಸ್ವಲ್ಪ ಸಂದಿ ಬಿಡಿ. ಕೊನೆಯ ಮುಕ್ಕಾಲು ಗಂಟೆ ಹಾಗೆಯೇ ಇರಲಿ. ಆವಿ ಹೋಗಲು ಈ ಪಾತ್ರೆಯಲ್ಲಿ ಬೇರೆ ದಾರಿಯೇ ಇಲ್ಲ, ನಾವೇ ಮಾಡಿಕೊಡಬೇಕು. ಈ ಒಂದು ಕೆಲಸದಿಂದ ಸಾಸ್ ಎಷ್ಟು ಬದಲಾಗುತ್ತದೆ ಅಂದರೆ, ನೀವು ಇನ್ನೇನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ಹಣ್ಣಿನ ವಿಷಯ, ಇದು ಸ್ವಲ್ಪ ಉದ್ದ. ತಿನ್ನಲು ಚೆನ್ನಾಗಿರುವ ಸೇಬೆಲ್ಲ ಬೇಯಿಸಲು ಚೆನ್ನಾಗಿರುವುದಿಲ್ಲ. ಹನಿಕ್ರಿಸ್ಪ್ ಮಿನೆಸೋಟ ವಿಶ್ವವಿದ್ಯಾಲಯದವರು 1991ರಲ್ಲಿ ಬಿಡುಗಡೆ ಮಾಡಿದ ತಳಿ. ಕಚ್ಚಿದರೆ ಕರುಂ ಅನ್ನಬೇಕು, ರಸ ಚಿಮ್ಮಬೇಕು, ಅದಕ್ಕೇ ಜನ ಅದನ್ನು ಅಷ್ಟು ದುಡ್ಡು ಕೊಟ್ಟು ಕೊಳ್ಳುವುದು. ಆ ಗಟ್ಟಿತನ ಬೆಂದರೂ ಬೇಗ ಹೋಗುವುದಿಲ್ಲ, ರಸ ಮಾತ್ರ ಧಾರಾಳವಾಗಿ ಬಿಡುತ್ತದೆ. ನಿಮ್ಮ ಪಾತ್ರೆಯಲ್ಲಿ ಕಂಡ ನೀರು ಮತ್ತು ಗಟ್ಟಿ ಹೋಳು, ಎರಡಕ್ಕೂ ಇದೂ ಒಂದು ಕಾರಣ. ಅದನ್ನು ಸುಮ್ನೆ ತಿನ್ನಿ, ಬೇಯಿಸಿ ದುಡ್ಡು ಹಾಳು ಮಾಡಬೇಡಿ. ಗಾಲಾ ಸಿಹಿ, ಆದರೆ ಹುಳಿ ಕಡಿಮೆ. ಬರೀ ಗಾಲಾದಲ್ಲಿ ಮಾಡಿದ ಸಾಸ್ ಸಪ್ಪೆ.

ಸಾಸ್‌ಗೆ ಅಂತಲೇ ಹುಟ್ಟಿದಂತಿರುವುದು ಮ್ಯಾಕಿಂಟಾಷ್. ಕೆನಡಾದ ಒಂಟಾರಿಯೋದಲ್ಲಿ ಜಾನ್ ಮ್ಯಾಕಿಂಟಾಷ್ ಅನ್ನುವ ರೈತ 1811ರ ಹೊತ್ತಿಗೆ ಜಮೀನು ಸವರುವಾಗ ಸಿಕ್ಕ ಗಿಡದಿಂದ ಬಂದ ತಳಿ ಅದು. ತಿರುಳು ಮೆತ್ತಗೆ, ಹುಳಿ ಸಿಹಿ ಎರಡೂ ಇದೆ, ಬಿಸಿ ತಾಗಿದ ಕೂಡಲೇ ಕರಗುತ್ತದೆ. ಅದೊಂದನ್ನೇ ಹಾಕಿದರೆ ಸಾಸ್ ಸ್ವಲ್ಪ ತೆಳುವಾಗುತ್ತದೆ, ಆದ್ದರಿಂದ ಜೊತೆಗೆ ತಿರುಳು ಗಟ್ಟಿಯಿರುವ ಹಣ್ಣೊಂದು ಬೇಕು. ನಿಮ್ಮಲ್ಲಿರುವ ಐಡಾರೆಡ್ ಅದಕ್ಕೆ ಸರಿಯಾಗಿದೆ. ಹುಳಿ ಹಣ್ಣು, ಸಾಸ್‌ಗೆ ಒಳ್ಳೆಯ ತಿಳಿ ಗುಲಾಬಿ ಬಣ್ಣ ಕೊಡುತ್ತದೆ. ಮ್ಯಾಕಿಂಟಾಷ್ ಅರ್ಧ, ಐಡಾರೆಡ್ ಕಾಲು, ಗಾಲಾ ಕಾಲು ಭಾಗ ಹಾಕಿ ನೋಡಿ. ಗಾಲಾದ ಸಿಹಿಯೇ ಸಕ್ಕರೆಯ ಕೆಲಸ ಮಾಡುತ್ತದೆ. ಇನ್ನೊಮ್ಮೆ ತೋಟಕ್ಕೆ ಹೋದರೆ ಕಾರ್ಟ್‌ಲ್ಯಾಂಡ್, ಜೊನಾಥನ್, ನಾರ್ದರ್ನ್ ಸ್ಪೈ, ಗೋಲ್ಡನ್ ಡೆಲಿಶಿಯಸ್ ಇವುಗಳನ್ನು ಕೇಳಿ. ಕ್ಯಾಲಿಫೋರ್ನಿಯಾದಲ್ಲಿರುವ ಓದುಗರು ಸೆಬಾಸ್ಟೊಪೋಲ್ ಕಡೆಯ ಗ್ರಾವೆನ್‌ಸ್ಟೈನ್ ಹುಡುಕಬೇಕು, ಆಗಸ್ಟ್ ಸುಮಾರಿಗೆ ಬಂದು ಬೇಗ ಮುಗಿದುಹೋಗುವ ಹಣ್ಣು, ಅದರ ಸಾಸ್‌ನ ಪರಿಮಳವೇ ಬೇರೆ. ಏನೂ ಸಿಗದ ಕಡೆ ಗ್ರ್ಯಾನಿ ಸ್ಮಿತ್ ಅರ್ಧ, ಯಾವುದಾದರೂ ಸಿಹಿ ಹಣ್ಣು ಅರ್ಧ. ರೆಡ್ ಡೆಲಿಶಿಯಸ್ ಬೇಡ, ಸಿಪ್ಪೆ ದಪ್ಪ, ಹುಳಿ ಇಲ್ಲ, ಬೆಂದ ಮೇಲೆ ರುಚಿಯೂ ಇಲ್ಲ.

ತೋಟದಲ್ಲಿ ನೆಲಕ್ಕೆ ಬಿದ್ದ ಹಣ್ಣು ಆರಿಸಿ ತಂದಿದ್ದರೆ ಅದನ್ನು ಸಾಸ್‌ಗೆ ಹಾಕಬೇಡಿ. ಹೇಗೂ ಬೇಯಿಸುತ್ತೇವಲ್ಲ ಅಂತ ಅರ್ಧ ಕೊಳೆತದ್ದನ್ನು ಕತ್ತರಿಸಿ ಹಾಕುವವರು ಬಹಳ. ತಗ್ಗಿದ, ಬಡಿದ ಗುರುತಿದ್ದರೆ ಆ ಭಾಗ ತೆಗೆದು ಉಳಿದದ್ದು ಬಳಸಬಹುದು, ಅದು ತೊಂದರೆಯಿಲ್ಲ. ಆದರೆ ಬೂಷ್ಟು ಹಿಡಿದ ಹಣ್ಣನ್ನು ಇಡಿಯಾಗಿ ಎಸೆಯಿರಿ. ಸೇಬಿನ ನೀಲಿ ಬೂಷ್ಟಿನಿಂದ ಪ್ಯಾಟುಲಿನ್ ಅನ್ನುವ ವಿಷ ಬರುತ್ತದೆ, ಅದು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೇಬಿನ ರಸದಲ್ಲಿ ಅದಕ್ಕೆ ಕಿಲೋಗೆ 50 ಮೈಕ್ರೋಗ್ರಾಂ ಅಂತ ಮಿತಿ ಹಾಕಿದೆ. ಮಗು ತಿನ್ನುವ ಸಾಸ್‌ನಲ್ಲಿ ಒಂದು ಹಣ್ಣು ಉಳಿಸಲು ಹೋಗುವುದು ಬೇಡ.

ಸಕ್ಕರೆಯನ್ನು ನೀವು ಮೊದಲೇ ಹಾಕಿದಿರಿ. ಹಾಗೆ ಹಾಕಿದರೆ ಹೋಳುಗಳು ಮೆತ್ತಗಾಗುವುದಿಲ್ಲ. ಸಕ್ಕರೆ ಪಾಕದಲ್ಲಿ ಬೇಯುವ ಹಣ್ಣು ತನ್ನ ಆಕಾರ ಬಿಡುವುದಿಲ್ಲ, ಮುರಬ್ಬ ಮಾಡುವವರಿಗೆ ಅದೇ ಬೇಕು, ನಮಗೆ ಬೇಡ. ಮೊದಲು ಹಣ್ಣು ಪೂರ್ತಿ ಕರಗಲಿ. ಆಮೇಲೆ ರುಚಿ ನೋಡಿ, ಬೇಕಾದರೆ ಎರಡು ಮೂರು ಚಮಚ ಹಾಕಿ. ಬಿಸಿಯಲ್ಲಿ ಸಿಹಿ ಮುಂದಾಗಿ ಕಾಣುತ್ತದೆ, ಹುಳಿ ಹಿಂದೆ ಸರಿಯುತ್ತದೆ, ಆದ್ದರಿಂದ ಒಂದು ಚಮಚ ತಣ್ಣಗೆ ಮಾಡಿ ನೋಡುವುದು ಒಳ್ಳೆಯದು. ಮೇಲೆ ಹೇಳಿದ ಬೆರಕೆಯಲ್ಲಿ ಮಾಡಿದರೆ ಸಕ್ಕರೆ ಬೇಕಾಗುವುದೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಬಣ್ಣ ಕಂದಾಗಲು ಎರಡು ಕಾರಣ. ಕತ್ತರಿಸಿದ ಸೇಬು ಗಾಳಿಗೆ ಕಪ್ಪಾಗುವುದು ಅದರೊಳಗಿನ ಒಂದು ಕಿಣ್ವದಿಂದ. ಬಿಸಿ ಚೆನ್ನಾಗಿ ಏರಿದರೆ ಆ ಕಿಣ್ವ ಸಾಯುತ್ತದೆ. ಒಲೆಯ ಮೇಲೆ ಐದು ನಿಮಿಷದಲ್ಲಿ ಆಗುವ ಈ ಕೆಲಸ ಲೋನಲ್ಲಿಟ್ಟ ಸ್ಲೋ ಕುಕ್ಕರ್‌ನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟೂ ಹೊತ್ತು ಹೋಳುಗಳು ಬೆಚ್ಚಗೆ ಕೂತು ಕಪ್ಪಾಗುತ್ತಲೇ ಇರುತ್ತವೆ. ಹೈನಲ್ಲಿ ಇಡಿ ಅಂದಿದ್ದು ಇದಕ್ಕೂ ಹೌದು. ಇನ್ನೊಂದು, ಹೆಚ್ಚು ಹೊತ್ತು ಬೆಂದರೆ ಸಕ್ಕರೆ ಅಂಶ ತಾನಾಗಿಯೇ ಕಂದಾಗುತ್ತದೆ. ನಿಂಬೆರಸವನ್ನು ಕೊನೆಗೆ ಹಿಂಡಬೇಡಿ, ಹೋಳು ಕತ್ತರಿಸುತ್ತ ಕತ್ತರಿಸುತ್ತಲೇ ಅದರಲ್ಲಿ ಹೊರಳಿಸಿ. ಬಾಟಲಿಯ ಸಾಸ್‌ನಷ್ಟು ಬಿಳಿಯಾಗಿ ಬರುವುದಿಲ್ಲ. ಕಾರ್ಖಾನೆಯಲ್ಲಿ ಹಣ್ಣನ್ನು ನಿಮಿಷಗಳಲ್ಲಿ ಬಿಸಿ ಮಾಡಿ, ವಿಟಮಿನ್ ಸಿ ಸೇರಿಸಿರುತ್ತಾರೆ. ಮನೆಯದಕ್ಕೆ ತಿಳಿ ಜೇನಿನ ಬಣ್ಣ ಬಂದರೆ ಚೆನ್ನಾಗಿ ಬಂತು ಅಂತಲೇ ಲೆಕ್ಕ.

ಸಿಪ್ಪೆ ತೆಗೆಯಬೇಕಾ ಬೇಡವಾ ಅನ್ನುವುದು ನಿಮ್ಮ ಬಳಿ ಏನಿದೆ ಅನ್ನುವುದರ ಮೇಲೆ. ಕೈಯಲ್ಲಿ ತಿರುಗಿಸುವ ಫುಡ್ ಮಿಲ್ ಇದ್ದರೆ ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಅದರಲ್ಲಿ ಹಾಕಿ ತಿರುಗಿಸಿ, ಸಿಪ್ಪೆ ಮೇಲೆ ಉಳಿಯುತ್ತದೆ. ಪರಿಮಳ, ಸಾಸ್ ಗಟ್ಟಿಯಾಗಿಸುವ ಪೆಕ್ಟಿನ್ ಸಿಪ್ಪೆಯಲ್ಲೂ ಅದರ ಕೆಳಗೂ ಜಾಸ್ತಿ, ಕೆಂಪು ಬಣ್ಣ ಬರುವುದೂ ಅದರಿಂದಲೇ. ಮಿಲ್ ಇಲ್ಲದಿದ್ದರೆ ಸಿಪ್ಪೆ ತೆಗೆದುಬಿಡಿ. ಬ್ಲೆಂಡರ್ ಇದೆಯಲ್ಲ ಅಂತ ಸಿಪ್ಪೆ ಬಿಟ್ಟರೆ ಚೂರುಗಳು ಹಲ್ಲಿಗೆ ಸಿಗುತ್ತವೆ, ಮಗುವಿನ ಗಂಟಲಿಗೂ ಒಳ್ಳೆಯದಲ್ಲ. ಬೀಜದ ಗೂಡನ್ನು ಎರಡೂ ಸಂದರ್ಭದಲ್ಲಿ ತೆಗೆಯಿರಿ. ಸೇಬಿನ ಬೀಜ ಜಜ್ಜಿದರೆ ಸಯನೈಡ್ ಬಿಡುವ ಅಂಶ ಅದರಲ್ಲಿದೆ, ಒಂದೆರಡು ನುಂಗಿದರೆ ಏನೂ ಆಗುವುದಿಲ್ಲ, ಆದರೂ ಬ್ಲೆಂಡರ್‌ಗೆ ಹಾಕುವುದು ಬೇಡ. ಬೆಂದ ಮೇಲೆ ನನಗೆ ಇಷ್ಟ ಮ್ಯಾಷರ್. ಅಲ್ಲಲ್ಲಿ ತಿರುಳು ಸಿಗುವ ಸಾಸ್ ಬ್ಲೆಂಡರ್‌ನಲ್ಲಿ ನುಣ್ಣಗೆ ಮಾಡಿದ್ದಕ್ಕಿಂತ ಚೆನ್ನಾಗಿರುತ್ತದೆ. ಬೇಳೆ ಮಸೆಯುವ ಕಡಗೋಲನ್ನು ಅಮ್ಮ ತಂದಿದ್ದರೆ ಅದರಲ್ಲೂ ಆಗುತ್ತದೆ.

ಚಕ್ಕೆ ಪುಡಿ ಎರಡು ಚಮಚ ಬಹಳ ಜಾಸ್ತಿ. ಪುಡಿ ಗಂಟೆಗಟ್ಟಲೆ ನೆನೆದರೆ ಲೋಳೆ ಬಿಡುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ಎರಡಿಂಚಿನ ಒಂದು ಇಡೀ ಚಕ್ಕೆ ಹಾಕಿ, ಕೊನೆಗೆ ತೆಗೆದುಬಿಡಿ. ಒಂದು ಲವಂಗ, ಒಂದು ಚೂರು ಹಸಿ ಶುಂಠಿ ಕೂಡ ಸೇರುತ್ತದೆ. ಏಲಕ್ಕಿ ಹಾಕಿದರೆ ಪಾಯಸದ ವಾಸನೆ ಬಂದು ಸೇಬು ಅಡಗಿಹೋಗುತ್ತದೆ, ನಾನು ಹಾಕುವುದಿಲ್ಲ. ಮಗುವಿಗೂ ಪಾಲು ತೆಗೆಯುವ ಸಾಸ್‌ಗೆ ಚಕ್ಕೆಯೇ ಬೇಡ ಅನ್ನುತ್ತೇನೆ. 2023ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ ಮಾರುತ್ತಿದ್ದ ಚಕ್ಕೆ ಹಾಕಿದ ಸೇಬಿನ ಪ್ಯೂರಿ ಪೌಚುಗಳಲ್ಲಿ ಸೀಸ ಸಿಕ್ಕಿತು, ಅದು ಬಂದಿದ್ದು ಚಕ್ಕೆ ಪುಡಿಯಿಂದ. ಮರುವರ್ಷ ಎಫ್‌ಡಿಎ ಕೆಲವು ಬ್ರ್ಯಾಂಡ್‌ಗಳ ಚಕ್ಕೆ ಪುಡಿಯ ಬಗ್ಗೆಯೂ ಎಚ್ಚರಿಕೆ ಕೊಟ್ಟಿತು. ಎಳೆಯ ಮಕ್ಕಳಿಗೆ ಸೀಸ ಸ್ವಲ್ಪವೂ ಒಳ್ಳೆಯದಲ್ಲ. ಸೇಬಿನ ರುಚಿಯೇ ಅವಳಿಗೆ ಹೊಸದು, ಅದಕ್ಕೆ ಮಸಾಲೆ ಯಾಕೆ?

ಒಂಬತ್ತು ತಿಂಗಳ ಮಗುವಿಗೆ ಬೇಯಿಸಿದ ಸೇಬು ಒಳ್ಳೆಯ ಆಹಾರ. ಹಸಿ ಸೇಬಿನ ಚೂರು ಮಾತ್ರ ಈ ವಯಸ್ಸಿಗೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಸಾಸ್ ಹದವಾದ ಮೇಲೆ ಉಪ್ಪು, ಸಕ್ಕರೆ ಹಾಕುವ ಮೊದಲೇ ಅವಳ ಪಾಲು ಬೇರೆ ತೆಗೆಯಿರಿ, ಅಂದರೆ ಆ ಚಿಟಿಕೆ ಉಪ್ಪನ್ನೂ ಕೊನೆಗೇ ಹಾಕಿ. ಎರಡು ವರ್ಷದವರೆಗೆ ಮೇಲಿಂದ ಸಕ್ಕರೆ ಕೊಡಬೇಡಿ ಅಂತ ಅಮೆರಿಕದ ಸರ್ಕಾರಿ ಆಹಾರ ಸೂಚಿಗಳು ಹೇಳುತ್ತವೆ. ಅಮ್ಮ ಸಕ್ಕರೆ ಬದಲು ಜೇನು ಹಾಕೋಣ ಅಂದರೆ ಒಪ್ಪಬೇಡಿ. ಒಂದು ವರ್ಷ ತುಂಬುವ ತನಕ ಜೇನು ನಾಲಿಗೆಗೂ ತಾಗಿಸಬಾರದು, ಅದರಲ್ಲಿರಬಹುದಾದ, ಬೊಟುಲಿಸಮ್ ಅನ್ನುವ ಅಪಾಯಕಾರಿ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಗಳನ್ನು ಮಗುವಿನ ಕರುಳು ತಡೆಯಲಾರದು, ಬೇಯಿಸಿದರೂ ಆ ಬೀಜಕ ಸಾಯುವುದಿಲ್ಲ. ನಮ್ಮ ಕಡೆ ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಅಭ್ಯಾಸ ಇದೆ, ಹಾಗಾಗಿ ಈ ಮಾತನ್ನು ಹಿರಿಯರಿಗೆ ಸಮಾಧಾನವಾಗಿ, ಆದರೆ ಗಟ್ಟಿಯಾಗಿಯೇ ಹೇಳಬೇಕು. ಮಗುವಿನ ಸಾಸ್ ಫ್ರಿಜ್‌ನಲ್ಲಿ ಎರಡು ಮೂರು ದಿನ ಸಾಕು. ಉಳಿದದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿಡಿ. ಬೇಕಾದಾಗ ಒಂದೆರಡು ಬಿಲ್ಲೆ ತೆಗೆದು ಕರಗಿಸಿ ಕೊಡಿ. ಅವಳ ಬಾಯಿಗೆ ಹೋದ ಚಮಚ ಅದ್ದಿದ ಬಟ್ಟಲಿನದನ್ನು ಮತ್ತೆ ಎತ್ತಿಡಬೇಡಿ.

ಬಾಟಲಿಯ ಪ್ರಶ್ನೆಗೆ ಉತ್ತರ, ಉಪ್ಪಿನಕಾಯಿ ಹಾಗೆ ಖಂಡಿತ ಇಡಬಾರದು. ಉಪ್ಪಿನಕಾಯಿ ಉಳಿಯುವುದು ಅದರ ಉಪ್ಪು, ಹುಳಿ, ಎಣ್ಣೆಯಿಂದ. ಆಪಲ್‌ಸಾಸ್‌ನಲ್ಲಿ ಅಷ್ಟು ಉಪ್ಪೂ ಇಲ್ಲ, ಎಣ್ಣೆಯೂ ಇಲ್ಲ, ಹುಳಿ ಮಾತ್ರ ಇದೆ. ಆ ಹುಳಿ ಒಂದು ದೊಡ್ಡ ಉಪಕಾರ ಮಾಡುತ್ತದೆ: ಸೇಬಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 4ರ ಕೆಳಗೆ ಇರುತ್ತದೆ, 4.6ರ ಕೆಳಗೆ ಬೊಟುಲಿಸಮ್ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಬೂಷ್ಟು, ಯೀಸ್ಟ್ ಬೆಳೆಯುತ್ತವೆ. ಹೊರಗೆ ಇಡಬೇಕಾದರೆ ಗಟ್ಟಿ ಮುಚ್ಚಳದ ಗಾಜಿನ ಮೇಸನ್ ಜಾರ್‌ನಲ್ಲಿ ತುಂಬಿ ಕುದಿಯುವ ನೀರಿನಲ್ಲಿ ಸಂಸ್ಕರಿಸಬೇಕು. ಅಳತೆ ಹೇಳುತ್ತೇನೆ. ಸಾಸನ್ನು ಒಲೆಯ ಮೇಲೆ ಮತ್ತೆ ಕುದಿ ಬರಿಸಿ, ಬಿಸಿ ಜಾರ್‌ಗೆ ಮೇಲೆ ಅರ್ಧ ಇಂಚು ಜಾಗ ಬಿಟ್ಟು ತುಂಬಿ, ಅಂಚು ಒರೆಸಿ, ಹೊಸ ಮುಚ್ಚಳ ಹಾಕಿ, ಜಾರ್‌ನ ಮೇಲೆ ಒಂದು ಇಂಚು ನೀರು ನಿಲ್ಲುವಂತೆ ಮುಳುಗಿಸಿ. ನೀರು ಕುದಿಯಲು ಶುರುವಾದ ಮೇಲೆ ಲೆಕ್ಕ: ಪೈಂಟ್ (ಸುಮಾರು ಅರ್ಧ ಲೀಟರ್) ಜಾರ್‌ಗೆ 15 ನಿಮಿಷ, ಕ್ವಾರ್ಟ್ (ಸುಮಾರು ಒಂದು ಲೀಟರ್) ಜಾರ್‌ಗೆ 20 ನಿಮಿಷ. ಇದು ಸಮುದ್ರಮಟ್ಟದಿಂದ 1000 ಅಡಿಯವರೆಗಿನ ಊರುಗಳಿಗೆ, ನಿಮ್ಮ ಕಡೆ ಇದೇ ಸಾಕು. ಡೆನ್ವರ್‌ನಂಥ ಎತ್ತರದ ಊರಲ್ಲಿ ಪೈಂಟ್‌ಗೆ 20, ಕ್ವಾರ್ಟ್‌ಗೆ 30 ನಿಮಿಷ, ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದಲ್ಲ. ಬಿಸಿ ಸಾಸ್ ತುಂಬಿ ಬಾಟಲಿ ತಲೆಕೆಳಗೆ ಇಟ್ಟರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಮುಚ್ಚಳ ಅಂಟಿಕೊಳ್ಳುತ್ತದೆ, ಒಳಗಿನ ಸೂಕ್ಷ್ಮಜೀವಿ ಹಾಗೆಯೇ ಇರುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಜಾರ್ ಇಟ್ಟು ಸಂಸ್ಕರಿಸುವುದೂ ಆಗದ ಕೆಲಸ. ಸಾಸ್ ಜೊತೆ ಬಾಳೆಹಣ್ಣು, ಕ್ಯಾರೆಟ್, ಕುಂಬಳಕಾಯಿ ಬೆರೆಸಿದರೆ ಹುಳಿ ಇಳಿದುಹೋಗುತ್ತದೆ, ಆಗ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಅಂಥದ್ದನ್ನು ಫ್ರೀಜರ್‌ನಲ್ಲೇ ಇಡಿ. ಇನ್ನೂ ಅನುಮಾನ ಇದ್ದರೆ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ ಎಕ್ಸ್‌ಟೆನ್ಷನ್‌ನವರನ್ನು (ಜನರಿಗೆ ಸಲಹೆ ಕೊಡುವ ವಿಭಾಗ) ಕೇಳಿ, ಮನೆಯಲ್ಲಿ ಆಹಾರ ಕಾಪಿಡುವ ವಿಷಯ ಅವರು ಚೆನ್ನಾಗಿ ಹೇಳಿಕೊಡುತ್ತಾರೆ.

ಮೊದಲ ಸಲಕ್ಕೆ ಇದೆಲ್ಲ ಜಾಸ್ತಿ ಅನ್ನಿಸಿದರೆ ಫ್ರೀಜರ್ ಸಾಕು. ಪೂರ್ತಿ ತಣಿಸಿ, ಡಬ್ಬಿಯಲ್ಲಿ ಒಂದು ಇಂಚು ಜಾಗ ಬಿಟ್ಟು ತುಂಬಿ, ದಿನಾಂಕ ಬರೆದಿಡಿ, ಎಂಟು ತಿಂಗಳು ರುಚಿ ಕೆಡದೆ ಇರುತ್ತದೆ. ದೊಡ್ಡವರು ತಿನ್ನುವುದು ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಕುಕ್ಕರ್‌ನ ಪಿಂಗಾಣಿ ಪಾತ್ರೆಯನ್ನು ಬಿಸಿ ಇರುವಾಗ ತಣ್ಣೀರಿಗೆ ಹಿಡಿಯಬೇಡಿ, ಸೀಳುತ್ತದೆ. ಸಾಸ್ ಸಮೇತ ಫ್ರಿಜ್‌ಗೆ ಇಡುವುದೂ ಬೇಡ, ದಪ್ಪ ಪಾತ್ರೆ, ಒಳಗಿನದು ತಣಿಯಲು ಬಹಳ ಹೊತ್ತು ಹಿಡಿಯುತ್ತದೆ.

ಅರ್ಧ ಬುಷೆಲ್ ಅಂದರೆ 24 ಪೌಂಡ್, ಹತ್ತಿರ ಹತ್ತಿರ 11 ಕೆಜಿ. ಒಂದು ಕ್ವಾರ್ಟ್ ಸಾಸ್‌ಗೆ ಮೂರು ಪೌಂಡ್ ಹಣ್ಣು ಬೇಕು. ಅಂದರೆ ಇನ್ನೂ ಎರಡು ಮೂರು ಸಲ ಮಾಡುವಷ್ಟು ನಿಮ್ಮಲ್ಲಿ ಉಳಿದಿದೆ. ಮ್ಯಾಕಿಂಟಾಷ್ ಮೊದಲು ಮುಗಿಸಿ, ಅದು ಬೇಗ ಹಿಟ್ಟುಹಿಟ್ಟಾಗುತ್ತದೆ. ಐಡಾರೆಡ್ ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ತಡೆಯುತ್ತದೆ. ಟೇಬಲ್ ಮೇಲೆ ಬುಟ್ಟಿಯಲ್ಲಿಟ್ಟರೆ ನೋಡಲು ಚೆಂದ, ಆದರೆ ಎರಡೇ ವಾರದಲ್ಲಿ ಮೆತ್ತಗಾಗುತ್ತವೆ.

ಅಮ್ಮ ಕುಕ್ಕರ್ ಒಯ್ಯುವ ವಿಷಯ. ಅಲ್ಲಿನ ಸ್ಲೋ ಕುಕ್ಕರ್ 120 ವೋಲ್ಟ್‌ಗೆ ಮಾಡಿದ್ದು. ಹಾಸನದಲ್ಲಿ 230 ವೋಲ್ಟ್. ಪ್ಲಗ್‌ಗೆ ಅಡಾಪ್ಟರ್ ಹಾಕಿ ಚುಚ್ಚಿದರೆ ಕಾಯಿಲ್ ಮೂರೂವರೆ ಪಟ್ಟಿಗಿಂತ ಜಾಸ್ತಿ ಕಾದು ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋಗುವಷ್ಟು ಇದು ದೊಡ್ಡ ವಸ್ತುವಲ್ಲ. ಬೇಕೇ ಬೇಕು ಅಂದರೆ 230 ವೋಲ್ಟ್‌ನದನ್ನು ಊರಲ್ಲೇ ಕೊಳ್ಳಲಿ. ನಿಜ ಹೇಳಬೇಕೆಂದರೆ ಅದೂ ಬೇಡ. ಊರಿನ ಮಾರುಕಟ್ಟೆಗೆ ಆಗಸ್ಟ್‌ನಿಂದ ಬರುವ ಹಿಮಾಚಲ, ಕಾಶ್ಮೀರದ ಸೇಬು ಹೆಚ್ಚಾಗಿ ಡೆಲಿಶಿಯಸ್ ಜಾತಿಯದು, ಸಿಹಿ ಇದೆ, ಹುಳಿ ಕಡಿಮೆ. ಒಂದು ಕೆಜಿ ಹಣ್ಣಿನ ಸಿಪ್ಪೆ ತೆಗೆದು ಸಣ್ಣ ಹೋಳು ಮಾಡಿ, ಕಾಲು ಕಪ್ ನೀರು, ಒಂದು ನಿಂಬೆಹಣ್ಣಿನ ರಸ ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು ಹತ್ತು ನಿಮಿಷ ಇಂಗಿಸಿದರೆ ಅದೇ ಸಾಸ್. ಬೇಗ ಆಗಲಿ ಅಂತ ಪ್ರೆಷರ್ ಕುಕ್ಕರ್‌ಗೆ ಹೋಳನ್ನು ನೇರ ಹಾಕಿ ಕೂಗಿಸಬೇಡಿ ಅಂತ ಮಾತ್ರ ಅವರಿಗೆ ಹೇಳಿ. ಬೇಯುವ ಸೇಬು ನೊರೆ ಎಬ್ಬಿಸುತ್ತದೆ, ನೊರೆಯ ಜೊತೆ ತಿರುಳು ಮೇಲೆದ್ದು ವೆಯ್ಟ್ ಕೂರುವ ರಂಧ್ರವನ್ನೇ ಮುಚ್ಚಬಹುದು. ಅಮೆರಿಕದ ಪ್ರೆಷರ್ ಕುಕ್ಕರ್‌ಗಳ ಕೈಪಿಡಿಯಲ್ಲಿ ಬೇಯಿಸಬಾರದ ಪದಾರ್ಥಗಳ ಪಟ್ಟಿಯಲ್ಲಿ ಆಪಲ್‌ಸಾಸ್ ಹೆಸರು ಇರುವುದು ಇದೇ ಕಾರಣಕ್ಕೆ.